ಕಾಲುವೆಯೂ ಸ್ಮಾರಕವಲ್ಲವೆ?

ಹಂಪೆಗೆ ಹೋಗಿ ಬಂದವರೆಲ್ಲರೂ ಕಲ್ಲಿನ ರಥವನ್ನು ವರ್ಣಿಸುತ್ತಾರೆ, ಕಮಲ ಮಹಲನ್ನು ಕೊಂಡಾಡುತ್ತಾರೆ. ತುರ್ತಾ ಕಾಲುವೆಯನ್ನು ಕಂಡು ಬಂದೆವೆಂದವರನ್ನು ಮಾತ್ರ ನಾನು ಇದುವರೆಗೆ ನೋಡಿಲ್ಲ. ನಾನೂ ಅದನ್ನು ಕಾಣದವರಲ್ಲಿ ಒಬ್ಬನಾಗಿದ್ದೆ; ಒಂದು ಜಾಲಿಮುಳ್ಳು ನನ್ನ ಕಣ್ಣು ತೆರೆಸಿತು.

ಕಳೆದ ದಸರೆಯ ರಜೆಯಲ್ಲಿ ನಾವು ನಾಲ್ವರು ಗೆಳೆಯರು ಹೊಸಪೇಟೆಯಿಂದ ಸೈಕಲ್ಲುಗಳ ಮೇಲೆ ಹೊರಟೆವು. ಎರಡು ಸ್ವಂತದವು, ಎರಡು ಎರವಲು. ರಸ್ತೆಯ ಲಾರಿಗಳಿಗೆ ಅಂಜಿ ಕಾಲುವೆಯ ದಂಡೆಯ ಹಾದಿ ಹಿಡಿದೆವು. ಒಂದು ಬದಿಗೆ ಬಾಳೆ, ಇನ್ನೊಂದು ಬದಿಗೆ ಭತ್ತ, ಅದರಾಚೆ ಬಂಡೆಗಳ ಗುಡ್ಡ. ಹಂಪೆ ಇನ್ನೂ ದೂರವಿರುವಾಗಲೇ ನನ್ನ ಹಿಂದಿನ ಗಾಲಿ ಕುಳಿತುಬಿಟ್ಟಿತು. ಟ್ಯೂಬನ್ನು ಬಿಚ್ಚಿ, ಗಾಳಿ ತುಂಬಿ, ಕಾಲುವೆಯ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುವುದೆಂದು ನೋಡುತ್ತ ಕುಳಿತೆವು.

ಸಮೀಪದಲ್ಲಿಯೇ ಸಲಿಕೆ ಹಿಡಿದು ಹೂಳು ತೆಗೆಯುತ್ತಿದ್ದ ವೃದ್ಧರೊಬ್ಬರು, "ಎಲ್ಲಿಗೆ ಹೊಂಟೀರಿ ತಮ್ಮಾ?" ಎಂದರು.

"ಹಂಪಿ ನೋಡಾಕ, ಅಜ್ಜಾ."

"ಇದನ್ನೂ ಆ ರಾಜರ ಕಾಲದಾಗ ಕಟ್ಯಾರ. ಇದನ್ನ ಯಾಕ ಯಾರೂ ನೋಡಂಗಿಲ್ಲ?"

ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ಎಳೆದು ಹಾಕಿದ ರಾಶಿಯಲ್ಲಿ ಹೂಳಿಗಿಂತ ನೀರಿನ ಬಾಟಲಿಗಳೂ ಪ್ಲಾಸ್ಟಿಕ್ ಚೀಲಗಳೂ ಹೆಚ್ಚಾಗಿದ್ದವು. ನಮ್ಮ ಚೀಲದಲ್ಲಿದ್ದ ಬಾಟಲಿಗಳೂ ಅದೇ ಜಾತಿಯವು.

ಆ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ. 1565ರ ಯುದ್ಧದ ತರುವಾಯ ರಾಜಧಾನಿ ಹಾಳಾಯಿತು. ಅರಮನೆಗಳಿದ್ದೆಡೆ ಇಂದು ಅಡಿಪಾಯಗಳು ಮಾತ್ರ ಇವೆ. ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಕಲ್ಲಿನ ಗಟ್ಟಿತನವೊಂದೇ ಇದಕ್ಕೆ ಕಾರಣವೆನ್ನಲಾಗದು; ಅರಮನೆಯ ಕಲ್ಲೂ ಗಟ್ಟಿಯಾಗಿಯೇ ಇತ್ತು. ಈ ನೀರಿನಿಂದ ಅನ್ನ ಉಣ್ಣುವವರು ಇದರ ಹೂಳನ್ನು ತೆಗೆಯುತ್ತ ಬಂದರು. ಆದ್ದರಿಂದ ಇದು ಉಳಿಯಿತು. ಪಾಲನೆಯಿಲ್ಲದೆ ಹೊಸ ಕಟ್ಟಡವೂ ನಿಲ್ಲದು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು 2024ರ ಆಗಸ್ಟಿನಲ್ಲಿ ಸರಪಳಿ ಕಡಿದು ಕೊಚ್ಚಿಹೋದುದನ್ನು ನಾವೆಲ್ಲ ಬಲ್ಲೆವು.

"ಕಾಲುವೆಯಲ್ಲಿ ನೋಡುವುದೇನಿದೆ? ಶಿಲ್ಪವೆ, ಶಾಸನವೆ?" ಎಂದು ಗೆಳೆಯನೊಬ್ಬ ವಾದಿಸಿದ. ಶಿಲ್ಪವನ್ನು ನಾನು ಹಗುರಾಗಿ ಕಾಣುವವನಲ್ಲ. ಆದರೆ ಶಿಲ್ಪಿಗೂ ಊಟ ಬೇಕಿತ್ತಲ್ಲವೆ? ಆ ಮಹಾನಗರ ಉಂಡದ್ದು ಇಂಥ ಕಾಲುವೆಗಳ ಬಯಲಿನಲ್ಲಿ ಬೆಳೆದ ಬೆಳೆಯನ್ನು. ನಾವು ಪರೀಕ್ಷೆಗಾಗಿ ಅರಸರ ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡುತ್ತೇವೆ. ಅವರ ಪ್ರಜೆಗಳು ಗದ್ದೆಗೆ ನೀರು ತಂದ ಬಗೆಯನ್ನು ಯಾರೂ ಕೇಳುವುದಿಲ್ಲ, ನಾವೂ ಓದುವುದಿಲ್ಲ.

ಮಾನ್ಯ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಮುಂದಿನ ವರ್ಷದ ಇತಿಹಾಸ ಪ್ರವಾಸದಲ್ಲಿ ಅರ್ಧ ದಿನವನ್ನು ಈ ಕಾಲುವೆಗೆ ಮೀಸಲಿಡಬೇಕು. ದಂಡೆಯ ಮೇಲೆ ನಡೆಯಬೇಕು, ದಂಡೆಯ ಕಸವನ್ನೂ ಹೆಕ್ಕಬೇಕು. ಸೈಕಲ್ಲಿನಲ್ಲಿ ಬರುವ ಸಹಪಾಠಿಗಳು ಗಾಳಿ ಹೊಡೆಯುವ ಪಂಪನ್ನೂ ಒಂದು ಖಾಲಿ ಗೋಣಿಚೀಲವನ್ನೂ ಮರೆಯದೆ ತರಲಿ.