ಆ ಒಬ್ಬರು ಯಾರು?

ರೋಗವನ್ನು ತಡೆಯಲೆಂದು ಮುಚ್ಚಿದ ಬಾಗಿಲು ಮಕ್ಕಳನ್ನೂ ಹೊರಗೆ ನಿಲ್ಲಿಸುತ್ತದೆ. 2020ರ ಮಾರ್ಚ್ 20ರಿಂದ ನೆದರ್ಲೆಂಡ್ಸ್ ದೇಶದ ವೃದ್ಧರ ಶುಶ್ರೂಷಾಲಯಗಳಲ್ಲಿ ಆದುದು ಇದೇ. ಕೋವಿಡ್ ಸೋಂಕು ಮುಪ್ಪಿನವರಿಗೆ ಹೆಚ್ಚು ಮಾರಕವೆಂದು ಸರಕಾರ ಬಂಧುಗಳ ಭೇಟಿಯನ್ನು ನಿಷೇಧಿಸಿತು. ಎಚ್ಚರಿಕೆ ಯುಕ್ತವಾದುದೇ. ಮಕ್ಕಳು ಕಿಟಕಿಯ ಗಾಜಿನಾಚೆ ನಿಂತು ಕೈಬೀಸಿದರು. ದೂರವಾಣಿಯ ಪುಟ್ಟ ತೆರೆಯ ಮೇಲೆ ಮುಖ ತೋರಿದರು. ಆದರೆ ಮರೆವಿನ ಬೇನೆಗೆ ಸಿಕ್ಕಿದ ತಾಯಿಗೆ ಆ ಚಿತ್ರ ತನ್ನ ಮಗಳೆಂದು ತಿಳಿಯುವುದೆಂತು? ಆಕೆ ಬಲ್ಲದ್ದು ಮಗಳು ಬಳಿಯಲ್ಲಿ ಕುಳಿತಾಗಿನ ಸಮಾಧಾನವನ್ನು.

ಮೇ 11ರಂದು ಆಗ ಸೋಂಕಿಲ್ಲದ 26 ಶುಶ್ರೂಷಾಲಯಗಳಲ್ಲಿ ಒಂದು ಪ್ರಯೋಗ ಆರಂಭವಾಯಿತು. ಒಬ್ಬ ನಿವಾಸಿಗೆ ಗೊತ್ತುಮಾಡಿದ ಒಬ್ಬರೇ ಸಂದರ್ಶಕರು, ಅವರಲ್ಲಿ ರೋಗಲಕ್ಷಣವಿರಕೂಡದು, ಶುಚಿತ್ವದ ನಿಯಮಗಳನ್ನು ಪಾಲಿಸಬೇಕು. ಮೂರು ವಾರ ಕಳೆದರೂ ಅಲ್ಲಿ ಹೊಸ ಸೋಂಕು ಕಾಣಲಿಲ್ಲ. ಹಿರಿಯರ ಮುಖದಲ್ಲಿ ಮಾತ್ರ ಗೆಲುವು ಕಂಡಿತು. ಬಾಗಿಲನ್ನು ಪೂರ್ತಿ ತೆರೆಯದೆ, ಪೂರ್ತಿ ಮುಚ್ಚದೆ ಇರುವ ದಾರಿಯೊಂದು ಉಂಟೆಂದು ಇದರಿಂದ ತಿಳಿಯಿತು.

ಉಳಿದದ್ದು ಮನೆಯವರ ಪ್ರಶ್ನೆ. ನಾಲ್ವರು ಮಕ್ಕಳಲ್ಲಿ ಆ ಒಬ್ಬರು ಯಾರು? ದೂರದ ಊರಿನಿಂದ ಹಣ ಕಳುಹಿಸುವ ಹಿರಿಯ ಮಗನೋ, ವಾರವಾರವೂ ಬಂದು ತಲೆ ಬಾಚುತ್ತಿದ್ದ ಕಿರಿಯ ಮಗಳೋ? ಇದನ್ನು ಯಾವ ಸರಕಾರವೂ ಹೇಳಲಾರದು. ಮತ್ತೊಂದು ಪಿಡುಗು ಬರುವ ಮೊದಲೇ, ನೆನಪು ಮಾಸುವ ಮೊದಲೇ, ತಾಯಿಯನ್ನೇ ಕೇಳಿಟ್ಟುಕೊಳ್ಳುವುದು ಲೇಸು.