ನಿಕಾಹಿಗೆ ಮುನ್ನ ಕೇಳಬೇಕಾದ ಪ್ರಶ್ನೆ

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾಯಿತು. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಉಚಿತ ಚುಚ್ಚುಮದ್ದು. ಅದರ ಬೆನ್ನಿಗೇ, ಇದರಿಂದ ಬಂಜೆತನ ಬರುತ್ತದೆಂಬ ವದಂತಿ ವಾಟ್ಸಪ್ಪಿನಲ್ಲಿ ಹರಡಿತು. ಅದನ್ನು ನಂಬಿದ ಹೆತ್ತವರು ಆ ದಿನ ಮಕ್ಕಳನ್ನು ಶಾಲೆಗೆ ಕಳುಹಿಸಲಿಲ್ಲ. ಅಂದು 12 ವರ್ಷದವರಾಗಿದ್ದ ಆ ಹುಡುಗಿಯರಿಗೆ ಇಂದು ವರಾನ್ವೇಷಣೆ ನಡೆಯುತ್ತಿದೆ.

ರುಬೆಲ್ಲಾ ಮಕ್ಕಳಿಗೆ ಬಂದರೆ ಸಣ್ಣ ಜ್ವರ, ಮೂರು ದಿನದ ದದ್ದು, ಅಷ್ಟೇ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗುಲಿದರೆ ಹುಟ್ಟುವ ಕೂಸಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಉಂಟಾಗಬಹುದು. ಸೋಂಕು 12 ವಾರಗಳೊಳಗಾದರೆ ಈ ಅಪಾಯ ಶೇಕಡಾ 90ರವರೆಗೂ ಏರುತ್ತದೆ. 1941ರಲ್ಲಿ ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್ ಪೊರೆಗಣ್ಣಿನ ಶಿಶುಗಳ ತಾಯಂದಿರ ಗರ್ಭಕಾಲದ ಕಾಯಿಲೆಯನ್ನು ಗುರುತಿಸಿ ಬರೆಯುವವರೆಗೆ ಈ ನಂಟು ವೈದ್ಯಲೋಕಕ್ಕೇ ತಿಳಿದಿರಲಿಲ್ಲ. ಅಂದಿನ ತಾಯಂದಿರಿಗೆ ಆ ನೆಪವಿತ್ತು. ನಮಗೆ ಯಾವ ನೆಪವಿದೆ?

ಗರ್ಭ ನಿಂತ ಮೇಲೆ ನೋಡಿಕೊಂಡರಾಯಿತು ಎನ್ನುವವರಿದ್ದಾರೆ. ಆಗದು. ಇದು ದುರ್ಬಲಗೊಳಿಸಿದ ಜೀವಂತ ವೈರಾಣುವಿನ ಲಸಿಕೆ, ಗರ್ಭಿಣಿಗೆ ಕೊಡುವಂತಿಲ್ಲ. ಪಡೆದ ಬಳಿಕವೂ ಕನಿಷ್ಠ ಒಂದು ತಿಂಗಳು ಗರ್ಭ ಧರಿಸಬಾರದು. ಆದ್ದರಿಂದ ನಿಕಾಹಿಗೆ ಮುಂಚಿನ ದಿನಗಳೇ ಇದಕ್ಕೆ ತಕ್ಕ ಕಾಲ. ಮಹರ್, ವಲೀಮಾ, ಸಭಾಭವನವೆಂದು ತಿಂಗಳುಗಟ್ಟಲೆ ಚರ್ಚಿಸುವ ನಮಗೆ (ಮಹರಿನ ಚರ್ಚೆಯೂ ಈಗೀಗ ಕಡಿಮೆಯೇ, ಊಟದ ಪಟ್ಟಿಯದೇ ಹೆಚ್ಚು) ಹುಡುಗಿಯ ಲಸಿಕಾ ಕಾರ್ಡ್ ಎಲ್ಲಿದೆಯೆಂದು ಕೇಳಲು ಪುರುಸೊತ್ತಿಲ್ಲ.

ಲಸಿಕೆಯಲ್ಲಿ ಹಂದಿಮೂಲದ ಅಂಶವಿದೆಯೆಂಬ ಆಕ್ಷೇಪವನ್ನು ನಾವು ವದಂತಿಗಳ ಸಾಲಿಗೆ ಸೇರಿಸುವುದಿಲ್ಲ. ಅದು ಹಲಾಲ್-ಹರಾಮಿನ ಅರಿವುಳ್ಳವರು ಕೇಳಲೇಬೇಕಾದ ಪ್ರಶ್ನೆ. ಭಾರತದಲ್ಲೇ ತಯಾರಾದ ಈ ಲಸಿಕೆಯ ಕುರಿತು ಇಂಡೋನೇಷ್ಯಾದ ಉಲಮಾ ಮಂಡಳಿ 2018ರ ಆಗಸ್ಟಿನಲ್ಲಿ ಅದನ್ನೇ ಎತ್ತಿಕೊಂಡಿತು. ಆ ಅಂಶ ಹರಾಮ್ ಎಂದು ಮುಚ್ಚುಮರೆಯಿಲ್ಲದೆ ಹೇಳಿತು; ಪರ್ಯಾಯವಿಲ್ಲದ, ಜೀವಕ್ಕೆ ಹಾನಿ ತಟ್ಟುವ ಅನಿವಾರ್ಯತೆಯಲ್ಲಿ ಬಳಕೆಗೆ ಅನುಮತಿಯಿದೆ ಎಂದೂ ಫತ್ವಾ ನೀಡಿತು. ಆಲಿಮರು ವೈದ್ಯರ ಮಾತು ಕೇಳಿ, ಎರಡನ್ನೂ ತೂಗಿ ನುಡಿದರು. ಬಂಜೆತನದ ಸಂದೇಶವನ್ನು ಮುಂದಕ್ಕೆ ದಾಟಿಸಿದ ನಮ್ಮ ಸಹೋದರರು ಯಾರನ್ನು ಕೇಳಿದ್ದರು? ಹಾಗೆ ಹುಟ್ಟಿದ ಮಗುವಿನ ಕಣ್ಣಿಗೆ ಅವರು ಉತ್ತರ ಕೊಡಬಲ್ಲರೇ?

ಮಗಳ ಕಾರ್ಡ್ ಕಳೆದುಹೋಗಿದ್ದರೆ ಸ್ತ್ರೀರೋಗ ವೈದ್ಯೆಯ ಬಳಿ ಕರೆದೊಯ್ಯಿರಿ. ರುಬೆಲ್ಲಾ ಪ್ರತಿರೋಧವಿದೆಯೇ ಎಂದು ತಿಳಿಯಲು ರಕ್ತಪರೀಕ್ಷೆಯಿದೆ, ಇಲ್ಲವೆಂದಾದರೆ ಲಸಿಕೆಯಿದೆ. ನಿಶ್ಚಿತಾರ್ಥ ಮುಗಿದಿರುವವರು ಈ ವಾರವೇ ಹೊರಡಲಿ.