ಹೆಸರಿಲ್ಲದ ಮಟ್ಟುಗಳನ್ನೂ ಬರೆದಿಡಿ

ಇಂಗ್ಲೆಂಡಿನ ರಾಬರ್ಟ್ಸ್‌ಬ್ರಿಜ್ ಮಠದ ಹಳೆಯ ಕಡತದ ಜೊತೆ ಸೇರಿಕೊಂಡು ಉಳಿದದ್ದು ಎರಡೇ ಹಾಳೆ. ಅದರಲ್ಲಿ ಸುಮಾರು 1360ರಲ್ಲಿ ಬರೆದ ಆರು ಕೃತಿಗಳಿವೆ. ಕೀಲಿಮಣೆ ವಾದ್ಯಕ್ಕೆಂದೇ ಬರೆದ, ಈವರೆಗೆ ಸಿಕ್ಕಿರುವ ಅತಿ ಹಳೆಯ ಸಂಗೀತ ಅದು. ಆರ್ಗನ್ನಿಗೆಂದೇ ಬರೆದದ್ದಿರಬೇಕು ಎನ್ನುವವರು ಹಲವರು. ಬರೆದವರಾರೋ ತಿಳಿಯದು. ಮೇಲಿನ ಸ್ವರಗಳು ಗೆರೆಗಳ ಮೇಲೆ, ಕೆಳಗಿನವು ಅಕ್ಷರಗಳಲ್ಲಿ, ಹೆಚ್ಚುಕಡಿಮೆ ನಮ್ಮ ಸರಿಗಮದ ಹಾಗೆ. ಎಲ್ಲವೂ ಪೂರ್ತಿಯಾಗಿ ಉಳಿದಿಲ್ಲ. ಆದರೂ ಇಂದಿಗೂ ನುಡಿಸುತ್ತಾರೆ.

ಆರ್ಗನ್ನಿನ ದೂರದ ನೆಂಟ ನಮ್ಮ ಹಾರ್ಮೋನಿಯಂ. 1940ರಿಂದ ಮೂರು ದಶಕ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಕಂಪನಿ ನಾಟಕಗಳು ಮಾತ್ರ ಕೈಬಿಡಲಿಲ್ಲ. ಕಾಲಲ್ಲಿ ತಿದಿಯೊತ್ತುತ್ತಾ ಮೇಷ್ಟ್ರು ನುಡಿಸಿದ ಎಷ್ಟೋ ಮಟ್ಟುಗಳಿಗೆ ಕರ್ತೃವಿನ ಹೆಸರಿಲ್ಲ, ಸ್ವರಪ್ರಸ್ತಾರವೂ ಇಲ್ಲ. ಹೆಸರು ಹೋದರೆ ಹೋಗಲಿ, ಸ್ವರ ಹೋದರೆ ಏನೂ ಉಳಿಯದು. ಬರೆದಿಟ್ಟರೆ ಮನೋಧರ್ಮ ಸಾಯುತ್ತದೆ ಎನ್ನುವವರಿದ್ದಾರೆ. ಕೀರ್ತನೆಗಳನ್ನು ಸ್ವರಸಹಿತ ಅಚ್ಚು ಹಾಕಿದ್ದರಿಂದ ಕಲ್ಪನಾಸ್ವರ ನಿಂತುಹೋಯಿತೇ? ಧ್ವನಿಮುದ್ರಣ ಸಾಲದೇ ಎಂಬ ಪ್ರಶ್ನೆಯಲ್ಲಿ ಹುರುಳಿದೆ, ಗಮಕ ಹಿಡಿಯಲು ಅದೇ ಬೇಕು. ಆದರೆ ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯುತ್ತದೆ, ಮೊಬೈಲು ಕೆಡುತ್ತದೆ. ರಾಬರ್ಟ್ಸ್‌ಬ್ರಿಜ್ ಮಠದ ಆ ಚರ್ಮದ ಹಾಳೆ ಆರೂವರೆ ಶತಮಾನ ಬಾಳಿದೆ. ಎರಡೂ ಇರಲಿ.

ಶಿವಮೊಗ್ಗದಲ್ಲಿ ರಂಗಾಯಣವಿದೆ, ಹೆಗ್ಗೋಡಿನಲ್ಲಿ ನೀನಾಸಂ ಇದೆ. ಈ ರಂಗಸಂಸ್ಥೆಗಳು ವರ್ಷಕ್ಕೆ ಹತ್ತು ಮಟ್ಟು ಬರೆಸಿದರೂ ಸಾಕು. ಶಿವಮೊಗ್ಗದ ರವೀಂದ್ರನಗರದ ಯಾವುದಾದರೂ ಮನೆಯ ಅಟ್ಟದಲ್ಲಿ ಅಜ್ಜ ಸ್ವರ ಗೀಚಿಟ್ಟ ನೋಟ್‌ಬುಕ್ ಸಿಕ್ಕರೆ, ದಯವಿಟ್ಟು ರದ್ದಿಗೆ ಹಾಕಬೇಡಿ.